ಕೆಲಸಕ್ಕೊಂದು ಜಾಗ: ಟೂವೆ ಯಾನ್ಸನ್ ಬದುಕು ಮತ್ತು ಬರಹ



ಚಿತ್ರ ಮತ್ತು ಬರಹ ಎರಡರಲ್ಲೂ ದುಡಿದ ಹೆಣ್ಣುಮಗಳೊಬ್ಬಳ ಬಗ್ಗೆ ಮಾತಾಡಬೇಕೆಂಬುದು ಈ ದತ್ತಿ ಉಪನ್ಯಾಸದ ಆಶಯ. ಇಂಥ ಮಾತಿಗೆ ಸಿದ್ಧವಾಗುವಾಗ ಮೊದಲು ಕೈಗೆ ಸಿಗುವುದು ದುರಂತದ ಕಥೆಗಳೇ. ಬಾಳಿನ ಕೊನೆಯ ಮೂವತ್ತು ವರ್ಷವನ್ನು ಮಾನಸಿಕ ಆಸ್ಪತ್ರೆಯಲ್ಲಿ ಕಳೆದ ಶಿಲ್ಪಿ ಕಮೀಲ್ ಕ್ಲೋಡೆಲ್, ಇಪ್ಪತ್ತೆಂಟಕ್ಕೇ ತೀರಿಕೊಂಡ ನಮ್ಮ ಅಮೃತಾ ಶೇರ್‌ಗಿಲ್, ಮುರಿದ ಬೆನ್ನುಮೂಳೆಯೊಂದಿಗೆ ಚಿತ್ರ ಬರೆದ ಫ್ರೀಡಾ ಕಾಲೊ. ಅವರ ಸಂಕಟಕ್ಕೆ ತಲೆಬಾಗುತ್ತಲೇ ಒಂದು ಮಾತು ಹೇಳುತ್ತೇನೆ. ಕಲಾವಿದೆಯ ಬದುಕೆಂದರೆ ಸುಟ್ಟುಹೋದ ಬದುಕು ಎಂದೇ ನೋಡಲು ನಾವು ಒಗ್ಗಿಬಿಟ್ಟಿದ್ದೇವೆ. ಕಟ್ಟುಪಾಡು ಮೀರಿದವಳು ಬೆಲೆ ತೆರಲೇಬೇಕು, ತೆತ್ತಾಗಲೇ ಅವಳ ಕಲೆ ದೊಡ್ಡದು ಎಂಬ ನಂಬಿಕೆ ನಮ್ಮೊಳಗೆ ಎಲ್ಲೋ ಕೂತಿದೆ.

ಹಾಗಾಗಿ ನಾನು ಇಂದು ಎಂಬತ್ತಾರು ವರ್ಷ ಬಾಳಿದ, ಆ ಬಾಳಿನುದ್ದಕ್ಕೂ ದುಡಿದ, ತನಗೆ ಬೇಕಾದವರನ್ನು ಪ್ರೀತಿಸಿ, ಹಿಡಿದ ಕೆಲಸವನ್ನು ಮುಗಿಸಿ ಹೋದ ಒಬ್ಬಾಕೆಯನ್ನು ಆರಿಸಿಕೊಂಡಿದ್ದೇನೆ. ಫಿನ್ಲೆಂಡಿನ ಟೂವೆ ಯಾನ್ಸನ್. ಲೋಕ ಆಕೆಯನ್ನು ಬಲ್ಲದ್ದು ಮೂಮಿನ್ ಎಂಬ, ದುಂಡು ಮೂತಿಯ, ಬಿಳಿ ಮೈಯ ಪುಟ್ಟ ಜೀವಿಗಳ ಸೃಷ್ಟಿಕರ್ತೆಯಾಗಿ. ಆಕೆ ತನ್ನನ್ನು ಕರೆದುಕೊಂಡದ್ದು ಮಾತ್ರ ಮೊದಲು ಚಿತ್ರಕಾರ್ತಿ ಎಂದು. ಆಕೆಯ ಬದುಕಿನಲ್ಲಿ ನನ್ನನ್ನು ಹಿಡಿದಿಟ್ಟದ್ದು ಬಂಡಾಯದ ಘೋಷಣೆಗಳಲ್ಲ, ಅಂಥವು ಅಲ್ಲಿ ಹೆಚ್ಚಿಲ್ಲ ಕೂಡ. ಬಾಡಿಗೆ, ಕರಾರು, ಕೋಣೆ, ದೋಣಿ, ಬಾಗಿಲು ಇಂಥ ಸಾಮಾನ್ಯ ಸಂಗತಿಗಳನ್ನು ಒಂದೊಂದಾಗಿ ತನ್ನ ಕೆಲಸಕ್ಕೆ ಹೊಂದುವಂತೆ ಆಕೆ ಜೋಡಿಸಿಕೊಂಡ ಬಗೆ. ಸ್ವಾತಂತ್ರ್ಯವೆಂದರೆ ಆಕೆಗೆ ಈ ಜೋಡಣೆಯೇ ಆಗಿತ್ತು ಎಂಬುದು ನನ್ನ ವಾದ.

ಟೂವೆ ಹುಟ್ಟಿದ್ದು 1914ರ ಆಗಸ್ಟ್ 9ರಂದು, ಹೆಲ್ಸಿಂಕಿಯಲ್ಲಿ. ಫಿನ್ಲೆಂಡ್ ಆಗ ರಷ್ಯಾದ ಚಕ್ರಾಧಿಪತ್ಯದೊಳಗಿತ್ತು, ಸ್ವತಂತ್ರವಾದದ್ದು 1917ರಲ್ಲಿ. ಮನೆಮಾತು ಸ್ವೀಡಿಷ್, ಅಂದರೆ ಆ ನಾಡಿನ ಅಲ್ಪಸಂಖ್ಯಾತರ ಭಾಷೆ. ಆಕೆ ಕಥೆ ಕಾದಂಬರಿಗಳನ್ನು ಬರೆದದ್ದೆಲ್ಲ ಅದರಲ್ಲೇ. ತಂದೆ ವಿಕ್ಟರ್ ಶಿಲ್ಪಿ. ತಾಯಿ ಸಿಗ್ನೆ ಹಮ್ಮರ್‌ಸ್ಟೆನ್ ಸ್ವೀಡನ್ನಿನವಳು. ಇಬ್ಬರೂ ಕಲೆ ಕಲಿಯುವಾಗ ಪ್ಯಾರಿಸ್‌ನಲ್ಲಿ ಭೇಟಿಯಾದವರು. ಮನೆಯೇ ಸ್ಟುಡಿಯೊ, ಸ್ಟುಡಿಯೊವೇ ಮನೆ. ಶಿಲ್ಪಿಗೆ ಕೆಲಸ ಸಿಕ್ಕರೆ ಉಂಟು, ಇಲ್ಲದಿದ್ದರೆ ಇಲ್ಲ. ಒಲೆ ಆರದಂತೆ ನೋಡಿಕೊಂಡವಳು ತಾಯಿ. ಪುಸ್ತಕಗಳಿಗೆ ಮುಖಪುಟ, ಪತ್ರಿಕೆಗಳಿಗೆ ವ್ಯಂಗ್ಯಚಿತ್ರ, ಸರ್ಕಾರಕ್ಕೆ ಅಂಚೆಚೀಟಿಯ ವಿನ್ಯಾಸ. ದಶಕಗಳ ಕಾಲ ಫಿನ್ಲೆಂಡಿನ ಕಾಗದಪತ್ರಗಳ ಮೇಲೆ ಅಂಟಿದ ಚೀಟಿಗಳಲ್ಲಿ ಎಷ್ಟೋ ಆಕೆಯ ಮೇಜಿನ ಮೇಲೆ ಮೂಡಿದವು.

ಆ ಮೇಜಿನ ಪಕ್ಕದಲ್ಲಿ ಕೂತೇ ಟೂವೆ ಗೆರೆ ಎಳೆಯಲು ಕಲಿತದ್ದು. ಇನ್ನೊಂದು ಪಾಠವೂ ಅಲ್ಲೇ ಸಿಕ್ಕಿತೆಂದು ನನಗನಿಸುತ್ತದೆ. ಅಪ್ಪನದು ಕಲೆ, ಅಮ್ಮನದು ಸಂಪಾದನೆ ಎಂದು ಲೋಕ ಕರೆಯುತ್ತಿತ್ತು. ಕೈಚಳಕದಲ್ಲಿ ಅಮ್ಮ ಯಾರಿಗೂ ಕಡಿಮೆಯಿರಲಿಲ್ಲ; ಆದರೆ ತನಗಾಗಿ ಕೆಲಸ ಮಾಡುವ ಗಂಟೆಗಳು ಆಕೆಗೆ ಉಳಿಯುತ್ತಿರಲಿಲ್ಲ. ಅಪ್ಪನ ಶಿಲ್ಪಗಳಿಗೆ ಮಗಳು ರೂಪದರ್ಶಿಯೂ ಆಗಿದ್ದಳು. ಹೆಲ್ಸಿಂಕಿಯ ಕೈಸಾನಿಯೆಮಿ ಉದ್ಯಾನದಲ್ಲಿ ಈಗಲೂ ಟೂವೆಯ ಹರೆಯದ ಮೈ ಶಿಲ್ಪವಾಗಿ ನಿಂತಿದೆ. ಹೀಗೆ ಒಂದೇ ಮನೆಯಲ್ಲಿ ಆಕೆ ಹೆಣ್ಣಿಗೆ ಕಲೆಯಲ್ಲಿ ದೊರಕುತ್ತಿದ್ದ ಎರಡು ಜಾಗಗಳನ್ನು ನೋಡಿದಳು: ಸಂಸಾರ ತೂಗಿಸುವ ಕೈ, ಇಲ್ಲವೇ ಎದುರು ನಿಲ್ಲುವ ರೂಪ. ಮೂರನೆಯದನ್ನು ತಾನೇ ಮಾಡಿಕೊಳ್ಳಬೇಕಿತ್ತು.

ಸ್ಟಾಕ್‌ಹೋಮ್, ಹೆಲ್ಸಿಂಕಿ, ಪ್ಯಾರಿಸ್‌ಗಳ ಕಲಾಶಿಕ್ಷಣವನ್ನು ಹೆಸರಿಸಿ ಮುಂದೆ ಹೋಗುತ್ತೇನೆ. ಆಕೆಗೆ ನಿಜವಾದ ಶಾಲೆ ಗಾರ್ಮ್ ಎಂಬ ವಿಡಂಬನ ಪತ್ರಿಕೆ. ಹದಿಹರೆಯದಲ್ಲೇ ಅದಕ್ಕೆ ಚಿತ್ರ ಬರೆಯಲು ತೊಡಗಿದಳು, 1953ರಲ್ಲಿ ಅದು ನಿಲ್ಲುವವರೆಗೂ ಬರೆದಳು. 1938ರ ಮ್ಯೂನಿಕ್ ಒಪ್ಪಂದದ ಹೊತ್ತಿನ ಒಂದು ಚಿತ್ರದಲ್ಲಿ ಹಿಟ್ಲರ್ ಹಟಮಾರಿ ಕೂಸು. ಬಾಯಿ ತೆರೆದು ಅರಚುತ್ತಿದ್ದಾನೆ. ಸುತ್ತಲಿನ ದೊಡ್ಡವರು ಒಂದಾದ ಮೇಲೊಂದು ಕೇಕ್ ತಂದು ಒಪ್ಪಿಸುತ್ತಿದ್ದಾರೆ, ಅವನಿಗೆ ಸಾಲುತ್ತಿಲ್ಲ. ಬರೆದವಳಿಗೆ ಆಗ ಇಪ್ಪತ್ತನಾಲ್ಕು. ಮುಂದೆ ಫಿನ್ಲೆಂಡ್ ಜರ್ಮನಿಯ ಜೊತೆ ನಿಂತು ಸೋವಿಯತ್ ಒಕ್ಕೂಟದ ವಿರುದ್ಧ ಕಾದಿದ ವರ್ಷಗಳಲ್ಲೂ ಆಕೆಯ ಲೇಖನಿ ಮೆತ್ತಗಾಗಲಿಲ್ಲ. ಮನೆಯೊಳಗೆ ಅಪ್ಪನ ಒಲವು ಜರ್ಮನಿಯ ಕಡೆಗೆ. ಮಗಳ ಆಪ್ತ ಗೆಳತಿ ಏವಾ ಕೊನಿಕೋಫ್ ಯೆಹೂದಿ, 1941ರಲ್ಲಿ ಅಮೆರಿಕಕ್ಕೆ ಹೊರಟುಹೋದವಳು. ಊಟದ ಮೇಜಿನ ಮೇಲೆ ಯುದ್ಧ ಇನ್ನೊಂದು ಬಗೆಯಲ್ಲಿ ನಡೆಯುತ್ತಿತ್ತು.

1942ರಲ್ಲಿ ಆಕೆ ‘ಕುಟುಂಬ’ ಎಂಬ ದೊಡ್ಡ ತೈಲಚಿತ್ರ ಬರೆದಳು. ತಂದೆ, ತಾಯಿ, ಇಬ್ಬರು ತಮ್ಮಂದಿರು, ತಾನು. ತಮ್ಮಂದಿರ ನಡುವೆ ಚದುರಂಗದ ಹಾಸು, ಅವರಲ್ಲೊಬ್ಬ ಸೈನಿಕನ ಸಮವಸ್ತ್ರದಲ್ಲಿ. ನಟ್ಟನಡುವೆ ಟೂವೆ, ಕಪ್ಪು ಉಡುಪು, ತಲೆಗೆ ಟೋಪಿ, ಈಗಷ್ಟೇ ಹೊರಗಿನಿಂದ ಬಂದವಳಂತೆ ಅಥವಾ ಹೊರಟು ನಿಂತವಳಂತೆ. ಐವರೂ ಒಂದೇ ಕೋಣೆಯಲ್ಲಿದ್ದಾರೆ, ಯಾರ ಕಣ್ಣೂ ಯಾರ ಕಣ್ಣನ್ನೂ ಸಂಧಿಸುವುದಿಲ್ಲ. ವಿಮರ್ಶಕರು ಇದನ್ನು ಅಷ್ಟಾಗಿ ಮೆಚ್ಚಲಿಲ್ಲ. ನನಗೆ ಮಾತ್ರ ಆ ಟೋಪಿಯೇ ಮುಖ್ಯವಾಗಿ ಕಾಣುತ್ತದೆ. ಮನೆಯವರ ನಡುವೆ ನಿಂತೂ ಮನೆಯವಳ ಉಡುಪಿನಲ್ಲಿಲ್ಲದ ಹೆಣ್ಣು ಅವಳು.

ಈ ವರ್ಷಗಳಲ್ಲೇ ಏವಾಗೆ ಬರೆದ ಕಾಗದಗಳಲ್ಲಿ ಮದುವೆಯ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಮದುವೆಯಾದರೆ ತಾನು ಒಳ್ಳೆಯ ಹೆಂಡತಿಯಾಗಲು ಹೋಗಿ ಕೆಟ್ಟ ಚಿತ್ರಕಾರ್ತಿಯಾಗುತ್ತೇನೆ ಎಂಬ ಭಯ. ಮುಂದಿನ ಯುದ್ಧಕ್ಕೆ ಬಲಿಕೊಡಲು ಮಗನನ್ನು ಹೆರಲಾರೆ ಎಂಬ ನಿಲುವು. ಗಂಡಸರ ಮೇಲಿನ ಸಿಟ್ಟಿನಿಂದ ಹುಟ್ಟಿದ ಮಾತಿದಲ್ಲ. ರಾಜಕಾರಣಿಯೂ ಚಿಂತಕನೂ ಆಗಿದ್ದ ಅಟೋಸ್ ವಿರ್ತಾನೆನ್‌ನನ್ನು ಆಕೆ ಮನಸಾರೆ ಪ್ರೀತಿಸಿದಳು. ಬೆನ್ನಿಗೊಂದು ಚೀಲ, ತಲೆಗೊಂದು ಟೋಪಿ, ಯಾವ ಊರಿಗೂ ಕಟ್ಟುಬೀಳದ ಸ್ನುಫ್‌ಕಿನ್ ಎಂಬ ಅಲೆಮಾರಿ ಮೂಮಿನ್ ಕಥೆಗಳಿಗೆ ಬಂದದ್ದು ಅವನ ನೆರಳಾಗಿಯೇ. ಮದುವೆಯ ಮಾತು ಬಂತು, ಹೋಯಿತು.

1944ರಲ್ಲಿ ಆಕೆ ಹೆಲ್ಸಿಂಕಿಯ ಉಲ್ಲನ್‌ಲಿನ್ನಾ ಭಾಗದಲ್ಲಿ ಒಂದು ಗೋಪುರದ ಸ್ಟುಡಿಯೊ ಹಿಡಿದಳು. ಎತ್ತರದ ಸೂರು, ದೊಡ್ಡ ಕಿಟಕಿಗಳು. ಬಾಂಬ್ ದಾಳಿಗೆ ಗಾಜು ಪುಡಿಯಾಗಿತ್ತು, ಬೆಚ್ಚಗಿಡುವ ವ್ಯವಸ್ಥೆ ಇರಲಿಲ್ಲ. ಫಿನ್ಲೆಂಡಿನ ಚಳಿಯನ್ನು ನೆನೆದುಕೊಂಡು ಈ ಮಾತನ್ನು ಕೇಳಿ. ಹಲ್ಲು ಕಡಿಯುತ್ತ ಅಲ್ಲಿ ನೆಲೆಯಾದವಳು ಬದುಕಿನ ಕೊನೆಯವರೆಗೂ ಆ ಜಾಗ ಬಿಡಲಿಲ್ಲ. ತನ್ನ ಪುಸ್ತಕಗಳೊಳಗೆ ಅಂಟಿಸಲು ಆಕೆ ಒಂದು ಚೀಟಿ ಮಾಡಿಕೊಂಡಿದ್ದಳು. ಅದರ ಮೇಲೆ ದುಡಿಮೆ, ಪ್ರೀತಿ ಎಂಬ ಅರ್ಥದ ಲ್ಯಾಟಿನ್ ಮಾತುಗಳು. ದುಡಿಮೆಯದೇ ಮೊದಲ ಸ್ಥಾನ.

ಮೂಮಿನ್ ಕಥೆಗಳು ಹುಟ್ಟಿದ್ದು ಈ ಯುದ್ಧದ ನಡುವೆ. ಹುಡುಗಿಯಾಗಿದ್ದಾಗ ತಮ್ಮನೊಂದಿಗೆ ತತ್ತ್ವಜ್ಞಾನಿ ಕಾಂಟ್ ಬಗ್ಗೆ ಜಗಳವಾಡಿ ಸೋತು, ಸಿಟ್ಟಿಗೆ ಶೌಚಾಲಯದ ಗೋಡೆಯ ಮೇಲೆ ಗೀಚಿದ ಕುರೂಪಿ ಜೀವಿಯೊಂದು ಮುಂದೆ ಗಾರ್ಮ್ ಚಿತ್ರಗಳಲ್ಲಿ ಆಕೆಯ ಸಹಿಯ ಪಕ್ಕ ಇಣುಕತೊಡಗಿತು. 1939ರಲ್ಲಿ ಯುದ್ಧ ಶುರುವಾಗಿ ಬಣ್ಣ ಮುಟ್ಟಲು ಮನಸ್ಸಿಲ್ಲದಾದಾಗ ಅದನ್ನೇ ಇಟ್ಟುಕೊಂಡು ಕಥೆ ಬರೆಯಲು ಕೂತಳು. ಮೊದಲ ಪುಸ್ತಕ 1945ರಲ್ಲಿ, ಕಾಣೆಯಾದ ಅಪ್ಪನನ್ನು ಪ್ರವಾಹದ ನಡುವೆ ಹುಡುಕುವ ಅಮ್ಮ ಮಗನ ಕಥೆ. ಎರಡನೆಯದು 1946ರಲ್ಲಿ, ಭೂಮಿಯತ್ತ ಧಾವಿಸುವ ಧೂಮಕೇತುವಿನ ಕಥೆ. ಮಕ್ಕಳ ಪುಸ್ತಕವೆಂದು ತೆರೆದವರು ಆ ಕೆಂಪು ಆಕಾಶವನ್ನು, ಬತ್ತಿದ ಸಮುದ್ರವನ್ನು, ಗಂಟುಮೂಟೆ ಹೊತ್ತು ಓಡುವ ಜನರನ್ನು ನೋಡಿದರೆ ಅದು ಯಾವ ಕಾಲದ ಬರಹವೆಂದು ಹೇಳಿಕೊಡಬೇಕಾಗಿಲ್ಲ.

1947ರಲ್ಲಿ ಹೆಲ್ಸಿಂಕಿಯ ನಗರಸಭೆಯ ಊಟದ ಮನೆಗೆ ಎರಡು ದೊಡ್ಡ ಭಿತ್ತಿಚಿತ್ರ ಬರೆಯುವ ಕೆಲಸ ಬಂತು. ಒಂದು ಹಳ್ಳಿಯ ಹಬ್ಬ, ಒಂದು ನಗರದ ಹಬ್ಬ. ಅವೀಗ ನಗರದ ಕಲಾಸಂಗ್ರಹಾಲಯದಲ್ಲಿವೆ. ನಗರದ ಹಬ್ಬದ ಚಿತ್ರದಲ್ಲಿ ಹಿನ್ನೆಲೆಗೆ ನೃತ್ಯ ನಡೆದಿದೆ, ನಡುವೆ ಕುಣಿಯುತ್ತಿರುವಾಕೆ ರಂಗನಿರ್ದೇಶಕಿ ವಿವಿಕಾ ಬಾಂಡ್ಲರ್. ಮುಂದಿನ ಮೇಜಿನಲ್ಲಿ ಕುಣಿತಕ್ಕೆ ಬೆನ್ನುಹಾಕಿ ಸಿಗರೇಟು ಹಿಡಿದು ಕೂತವಳು ಟೂವೆ. ಆಕೆಯ ಮುಂದಿನ ಲೋಟದ ಬಳಿ, ಹುಡುಕಿದವರಿಗಷ್ಟೇ ಕಾಣುವಂತೆ, ಪುಟ್ಟದೊಂದು ಮೂಮಿನ್. ವಿವಿಕಾ ಮತ್ತು ಟೂವೆ ಆಗ ಪ್ರೇಮಿಗಳು. ಹೆಣ್ಣು ಹೆಣ್ಣನ್ನು ಪ್ರೀತಿಸುವುದು ಫಿನ್ಲೆಂಡಿನಲ್ಲಿ 1971ರವರೆಗೂ ಅಪರಾಧ, 1981ರವರೆಗೂ ಕಾಯಿಲೆಗಳ ಪಟ್ಟಿಯಲ್ಲಿತ್ತು. ಕಾನೂನಿನ ಪ್ರಕಾರ ಅಪರಾಧವಾದ ಪ್ರೀತಿಯನ್ನು ನಗರಸಭೆಯ ಗೋಡೆಯ ಮೇಲೆ, ನಗರಸಭೆಯ ಹಣದಲ್ಲಿ, ಎಲ್ಲರ ಕಣ್ಣೆದುರು ಬರೆದು ಮುಗಿಸಿದಳು. ಮರುವರ್ಷದ ಮೂಮಿನ್ ಪುಸ್ತಕದಲ್ಲಿ ಇಬ್ಬರು ಪುಟಾಣಿ ಜೀವಿಗಳು ತಮ್ಮಿಬ್ಬರಿಗಷ್ಟೇ ಸರಿಯಾಗಿ ತಿಳಿಯುವ ಭಾಷೆಯಾಡುತ್ತ, ಪೆಟ್ಟಿಗೆಯೊಳಗೆ ದೊಡ್ಡ ಮಾಣಿಕ್ಯ ಬಚ್ಚಿಟ್ಟುಕೊಂಡು ಬರುತ್ತಾರೆ. ಮಕ್ಕಳಿಗೆ ಅದು ಒಳ್ಳೆಯ ಕಥೆ. ವಿವಿಕಾಗೆ ಅದು ಕಾಗದವೂ ಆಗಿತ್ತು.

ಇನ್ನು ಹಣದ ಮಾತು. ಕಲೆಯ ಉಪನ್ಯಾಸಗಳಲ್ಲಿ ಹಣದ ಮಾತು ಬಂದರೆ ನಾವು ಸಂಕೋಚ ಪಡುತ್ತೇವೆ, ಪಡಬಾರದು. ಲಂಡನ್ನಿನ ಸಂಜೆ ಪತ್ರಿಕೆ ‘ಈವ್ನಿಂಗ್ ನ್ಯೂಸ್’ಗೆ ವಾರಕ್ಕೆ ಆರು ದಿನ ಮೂಮಿನ್ ಚಿತ್ರಪಟ್ಟಿ ಬರೆದುಕೊಡುವ ಏಳು ವರ್ಷದ ಕರಾರಿಗೆ ಟೂವೆ ಸಹಿ ಹಾಕಿದಳು. 1954ರ ಸೆಪ್ಟೆಂಬರಿನಲ್ಲಿ ಅದು ಶುರುವಾಯಿತು. ಬದುಕಿನಲ್ಲಿ ಮೊದಲ ಬಾರಿಗೆ ನಿಯಮಿತ ವರಮಾನ. ಕೆಲಸವೂ ಸೊಗಸಾಗಿತ್ತು. ಚೌಕಗಳನ್ನು ಬೇರ್ಪಡಿಸಲು ಎಲ್ಲರೂ ಗೆರೆ ಎಳೆಯುವಲ್ಲಿ ಆಕೆ ಒಂದು ಮರದ ಕಾಂಡವನ್ನೋ ಕೊಡೆಯನ್ನೋ ಕೋಲನ್ನೋ ನಿಲ್ಲಿಸಿಬಿಡುತ್ತಿದ್ದಳು. ಅದು ಗಡಿಯೂ ಹೌದು, ಕಥೆಯೊಳಗಿನ ವಸ್ತುವೂ ಹೌದು. ಪಟ್ಟಿ ಹತ್ತಾರು ದೇಶಗಳ ಪತ್ರಿಕೆಗಳಿಗೆ ಹರಡಿತು. ಅದರ ಹಿಂದೆಯೇ ಪಿಂಗಾಣಿ ಬಟ್ಟಲು, ಗೊಂಬೆ, ಜಾಹೀರಾತು, ಪರವಾನಗಿ ಕೇಳುವ ಕಾಗದಗಳ ರಾಶಿ.

ಚಿತ್ರ ಬರೆಯಲು ಬಿಡುವು ಕೊಡಬೇಕಾಗಿದ್ದ ಹಣವೇ ಬಿಡುವನ್ನು ನುಂಗಿತು. ದಿನಕ್ಕೊಂದು ಪಟ್ಟಿಯ ವೇಗಕ್ಕೆ ಕಥೆ ಹೊಸೆಯುವುದೇ ಬದುಕಾಗಿ, ಮೂಮಿನ್ ಹೆಸರು ಕೇಳಿದರೆ ಬೇಸರ ಬರುವ ಹಂತ ತಲುಪಿದಳು. ಇಲ್ಲಿ ಎಷ್ಟೋ ಮಂದಿ ಮುಂದುವರಿಯುತ್ತಾರೆ, ಖ್ಯಾತಿ ಯಾರಿಗೆ ಬೇಡ? ಟೂವೆ ಕರಾರಿನ ದಿನಗಳನ್ನು ಮುಗಿಸುವ ದಾರಿ ನೋಡಿದಳು. ಕಿರಿಯ ತಮ್ಮ ಲಾರ್ಸ್ ಅದುವರೆಗೆ ಪಟ್ಟಿಯ ಮಾತುಗಳನ್ನು ಇಂಗ್ಲಿಷಿಗೆ ತರುತ್ತಿದ್ದವನು, ಚಿತ್ರಕಲೆ ಕಲಿತವನಲ್ಲ. ಗೆರೆ ಎಳೆಯುವುದನ್ನು ಅಭ್ಯಾಸ ಮಾಡಿ ಪಟ್ಟಿಯನ್ನು ಪೂರ್ತಿಯಾಗಿ ಕೈಗೆತ್ತಿಕೊಂಡ, 1975ರವರೆಗೆ ನಡೆಸಿದ. ಅಕ್ಕ ತನ್ನ ಕುಂಚದ ಕಡೆಗೆ ತಿರುಗಿದಳು. 1960ರ ದಶಕದ ಆಕೆಯ ಚಿತ್ರಗಳಲ್ಲಿ ಅಲೆ, ಬಂಡೆ, ಗಾಳಿ ಬಣ್ಣಗಳಾಗಿ ಕರಗುತ್ತ ಅಮೂರ್ತದತ್ತ ಸಾಗುತ್ತವೆ. ಕೆಳಗಿನ ಸಹಿಯೂ ಬದಲಾಯಿತು. ಮೂಮಿನ್ ಮೂಲಕ ಮನೆಮಾತಾಗಿದ್ದ ‘ಟೂವೆ’ಯನ್ನು ಬಿಟ್ಟು ‘ಯಾನ್ಸನ್’ ಎಂದಷ್ಟೇ ಬರೆದಳು.

1955ರ ಕ್ರಿಸ್ಮಸ್ ಕೂಟವೊಂದರಲ್ಲಿ, ಗ್ರಾಮಫೋನಿನ ಬಳಿ ತಟ್ಟೆ ಬದಲಾಯಿಸುತ್ತ, ಗ್ರಾಫಿಕ್ ಕಲಾವಿದೆ ಟೂಲಿಕ್ಕಿ ಪಿಯೆಟಿಲಾ ಪರಿಚಯವಾದಳು. ಮುಂದಿನ ನಲವತ್ತೈದು ವರ್ಷ ಇಬ್ಬರೂ ಜೊತೆಗಿದ್ದರು. ಆದರೆ ಒಂದೇ ಮನೆಯಲ್ಲಿ ಸಂಸಾರ ಹೂಡಲಿಲ್ಲ. ಒಂದೇ ಕಟ್ಟಡದ ಸಾಲಿನಲ್ಲಿ ಎರಡು ಸ್ಟುಡಿಯೊ, ನಡುವೆ ಅಟ್ಟದ ಓಣಿ. ಬೆಳಗ್ಗೆ ಎದ್ದರೆ ಇಬ್ಬರದೂ ಪ್ರತ್ಯೇಕ ಬಾಗಿಲು, ಪ್ರತ್ಯೇಕ ಬೆಳಕು, ಪ್ರತ್ಯೇಕ ಕೊಳೆ. ಕೆಲಸ ಮುಗಿದ ಮೇಲೆ ಅಟ್ಟದ ದಾರಿಯಲ್ಲಿ ನಡೆದು ಇನ್ನೊಬ್ಬರ ಮನೆ. ಒಟ್ಟಿಗಿರುವುದಕ್ಕೂ ಒಂಟಿಯಾಗಿರುವುದಕ್ಕೂ ಹೀಗೆ ಒಂದು ಓಣಿಯಿಂದ ಉತ್ತರ ಕಂಡುಕೊಂಡ ದಂಪತಿಯನ್ನು ನಾನು ಬೇರೆ ಕಂಡಿಲ್ಲ. ಮೂಮಿನ್ ಕಣಿವೆಯ ಚಳಿಗಾಲದ ಕಥೆಯಲ್ಲಿ (1957) ಬರುವ ಟೂಟಿಕ್ಕಿ ಎಂಬ ಗಟ್ಟಿಮುಟ್ಟಾದ, ಹೆಚ್ಚು ಮಾತಾಡದ, ಎಲ್ಲ ಕೆಲಸ ಬಲ್ಲ ಗೆಳತಿ ಈಕೆಯೇ. ಇಂಥ ಪ್ರೀತಿಯನ್ನು ಅಪರಾಧವೆಂದಿದ್ದ ರಾಜ್ಯವೇ ಮುಂದೆ 1992ರಲ್ಲಿ ಅಧ್ಯಕ್ಷರ ಅರಮನೆಯ ಸ್ವಾತಂತ್ರ್ಯೋತ್ಸವಕ್ಕೆ ಇಬ್ಬರನ್ನೂ ಜೋಡಿಯಾಗಿಯೇ ಕರೆಯಿತು. ಆಗ ಟೂವೆಗೆ ಎಪ್ಪತ್ತೆಂಟು.

ನಡುಗಡ್ಡೆಯ ಬಗ್ಗೆ ಹೇಳದೆ ಈ ಜೋಡಣೆಯ ಕಥೆ ಪೂರ್ತಿಯಾಗದು. ಬೇಸಿಗೆಗಳನ್ನು ಪೆಲ್ಲಿಂಗೆ ದ್ವೀಪಸಮೂಹದಲ್ಲಿ ಕಳೆಯುವುದು ಯಾನ್ಸನ್ ಕುಟುಂಬದ ರೂಢಿ. ಬ್ರೆಡ್‌ಶ್ಯಾರ್ ಎಂಬಲ್ಲಿ ತಮ್ಮನ ಜೊತೆ ಟೂವೆ ಕಟ್ಟಿದ್ದ ಮನೆ ನೆಂಟರಿಷ್ಟರಿಂದ ತುಂಬಿ ತುಳುಕತೊಡಗಿದಾಗ, ಇಬ್ಬರು ಹೆಂಗಸರೂ ಇನ್ನೂ ಹೊರಗೆ, ಸಮುದ್ರದ ಅಂಚಿಗೆ ಸರಿದರು. ಕ್ಲೋವ್‌ಹಾರು: ಬಹುಮಟ್ಟಿಗೆ ಬರಿಯ ಬಂಡೆ. ಇಬ್ಬರಿಗೂ ಆಗ ಐವತ್ತರ ಆಸುಪಾಸು. ಅಧಿಕೃತ ಪರವಾನಗಿಗೆ ಕಾಯದೆ ಬಂಡೆ ಸಿಡಿಸುವ ಕೆಲಸ ಶುರುಮಾಡಿ 1965ರ ಹೊತ್ತಿಗೆ ಒಂದೇ ಕೋಣೆಯ ಮರದ ಮನೆ ಎಬ್ಬಿಸಿದರು. ನಾಲ್ಕು ಗೋಡೆಗೆ ನಾಲ್ಕು ಕಿಟಕಿ, ಯಾವ ದಿಕ್ಕಿನಿಂದ ಬಿರುಗಾಳಿ ಬಂದರೂ ಮೊದಲು ಕಾಣಬೇಕೆಂದು. ವಿದ್ಯುತ್ ಇಲ್ಲ, ನಲ್ಲಿ ಇಲ್ಲ. ಬಲೆ ಬೀಸುವುದು, ಮೀನು ಸೀಳುವುದು, ತೇಲಿ ಬಂದ ಮರ ಒಡೆಯುವುದು, ದೋಣಿಯನ್ನು ಅಲೆಗೆ ಸಿಗದಂತೆ ಎಳೆದಿಡುವುದು. ದೋಣಿಯ ಹೆಸರು ವಿಕ್ಟೋರಿಯಾ. ಇಬ್ಬರ ಅಪ್ಪಂದಿರೂ ವಿಕ್ಟರ್. ಮನೆ ಕಟ್ಟಿದ ಮೇಲೂ ಇಬ್ಬರೂ ಮಲಗುತ್ತಿದ್ದುದು ಹೆಚ್ಚಾಗಿ ಪಕ್ಕದ ಡೇರೆಯಲ್ಲಿ. ಹೀಗೆ ಕಾಲು ಶತಮಾನಕ್ಕೂ ಹೆಚ್ಚು ಬೇಸಿಗೆಗಳು.

ಇದನ್ನು ಲೋಕ ಬಿಟ್ಟು ಓಡಿದ್ದು ಎಂದು ಓದುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಲ್ಲಿ ಕೆಲಸ ಕಡಿಮೆಯಾಗಲಿಲ್ಲ, ಕೆಲಸಕ್ಕೆ ಅಡ್ಡ ಬರುವ ಜನ ಕಡಿಮೆಯಾದರು. ಆಕೆಗೆ ವರ್ಷಕ್ಕೆ ಸುಮಾರು ಎರಡು ಸಾವಿರ ಕಾಗದಗಳು ಬರುತ್ತಿದ್ದವು, ಬಹುಪಾಲು ಮಕ್ಕಳವು. ಕೈಬರಹದಲ್ಲೇ ಉತ್ತರ ಬರೆಯುತ್ತಿದ್ದಳು. 1966ರಲ್ಲಿ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪದಕ ಬಂದ ಮೇಲಂತೂ ಹೇಳುವುದೇ ಬೇಡ.

1970ರಲ್ಲಿ ತಾಯಿ ತೀರಿಕೊಂಡಳು. ಅದೇ ವರ್ಷ ಪ್ರಕಟವಾದ ಕೊನೆಯ ಮೂಮಿನ್ ಕಾದಂಬರಿ ನವೆಂಬರ್ ತಿಂಗಳ ಮಳೆ, ಮಂಜಿನದು. ಕಣಿವೆಗೆ ಒಬ್ಬೊಬ್ಬರಾಗಿ ಬರುತ್ತಾರೆ, ಮೂಮಿನ್ ಅಮ್ಮನನ್ನು ನೋಡಬೇಕೆಂದು, ಮನೆ ಖಾಲಿ. ಇಡೀ ಪುಸ್ತಕದಲ್ಲಿ ಆ ಕುಟುಂಬ ಕಾಣಿಸಿಕೊಳ್ಳುವುದೇ ಇಲ್ಲ. ಎರಡು ವರ್ಷದ ನಂತರ ದೊಡ್ಡವರಿಗಾಗಿ ಬರೆದ ‘ಬೇಸಿಗೆಯ ಪುಸ್ತಕ’ ಬಂತು. ನಡುಗಡ್ಡೆಯಲ್ಲಿ ಒಬ್ಬ ಅಜ್ಜಿ, ಒಬ್ಬ ಮೊಮ್ಮಗಳು. ಅಪ್ಪ ಮೇಜಿಗೆ ಬಾಗಿ ಕೆಲಸ ಮಾಡುತ್ತಿರುತ್ತಾನೆ. ಮಗುವಿನ ತಾಯಿ ಸತ್ತಿರುವ ಸಂಗತಿ ಒಂದು ವಾಕ್ಯದ ನಡುವೆ, ಹಾಸಿಗೆಯ ವಿಷಯ ಹೇಳುವಾಗ ಬಂದು ಹೋಗುತ್ತದೆ, ಮತ್ತೆ ಅದರ ಮಾತಿಲ್ಲ. ಅದಾದ ಮೇಲೆ ಅಜ್ಜಿ ಮೊಮ್ಮಗಳ ಪ್ರತಿಯೊಂದು ಜಗಳವೂ ಆ ಸಾವಿನ ಸುತ್ತಲೇ ನಡೆಯುತ್ತಿದೆಯೆಂದು ಓದುಗರಿಗೆ ಗೊತ್ತಾಗುತ್ತದೆ. ಹೇಳದೆ ಬಿಡುವುದರಲ್ಲಿ ಇಷ್ಟು ನಿಷ್ಠುರವಾದ ಇನ್ನೊಂದು ಪುಸ್ತಕ ನನಗೆ ಗೊತ್ತಿಲ್ಲ.

ಆದರೂ ಆಕೆಯನ್ನು ಅರಿಯಲು ನಾನು ಮೊದಲು ಕೈಗೆ ಕೊಡುವುದು 1982ರ ಕಾದಂಬರಿಯನ್ನು, ‘ಪ್ರಾಮಾಣಿಕ ವಂಚಕಿ’ ಎಂಬರ್ಥದ ಹೆಸರಿನದನ್ನು. ಹಿಮ ಮುಚ್ಚಿದ ಹಳ್ಳಿ. ಅನ್ನಾ ಎಂಬ ವಯಸ್ಸಾದ ಚಿತ್ರಕಾರ್ತಿ ಮಕ್ಕಳ ಪುಸ್ತಕಗಳಿಗೆ ಹೆಸರಾದವಳು. ಕಾಡಿನ ನೆಲವನ್ನು ಆಕೆಯ ಹಾಗೆ ಬರೆಯುವವರಿಲ್ಲ: ಪಾಚಿ, ಬೇರು, ಒಣಗಿದ ಎಲೆ, ಹಸಿ ಮಣ್ಣು, ಒಂದೊಂದೂ ಅದರದೇ ಸತ್ಯದಲ್ಲಿ. ಅದರ ಮೇಲೆ ಆಕೆ ಮೊಲಗಳನ್ನು ಕೂರಿಸುತ್ತಾಳೆ, ಮೈತುಂಬ ಹೂವಿನ ಮೊಲಗಳು. ಅವು ಮಾರಾಟವಾಗುತ್ತವೆ. ಮೊಲಗಳ ಮೈಯಲ್ಲಿ ಹೂವೇಕೆ ಎಂದು ಮಕ್ಕಳು ಕಾಗದ ಬರೆಯುತ್ತಾರೆ, ಆಕೆ ಉತ್ತರಿಸುತ್ತ ಕೂರುತ್ತಾಳೆ. ಅವಳ ಮನೆಯೊಳಗೆ ಕತ್ರಿ ಎಂಬ ಯುವತಿ ಹೊಂಚುಹಾಕಿ ಬಂದು ಸೇರುತ್ತಾಳೆ. ಲೆಕ್ಕದಲ್ಲಿ ಚತುರೆ, ಮುಖಸ್ತುತಿ ಅರಿಯದವಳು, ತಮ್ಮನಿಗೊಂದು ದೋಣಿ ಕೊಡಿಸಲು ಹಣ ಬೇಕಾದವಳು. ಹಳೆಯ ಕರಾರುಗಳನ್ನು ಹರಡಿ, ಯಾರು ಯಾರು ಎಷ್ಟು ವರ್ಷದಿಂದ ಮೋಸ ಮಾಡಿದ್ದಾರೆಂದು ಅನ್ನಾಳಿಗೆ ತೋರಿಸುತ್ತಾಳೆ. ಮಕ್ಕಳಿಗೆ ಉತ್ತರ ಬರೆಯುವ ಕೆಲಸವನ್ನೂ ತಾನೇ ವಹಿಸಿಕೊಳ್ಳುತ್ತಾಳೆ. ಅನ್ನಾಳಿಗೆ ದುಡ್ಡು ಉಳಿಯುತ್ತದೆ, ಜನರ ಮೇಲಿನ ನಂಬಿಕೆ ಉಳಿಯುವುದಿಲ್ಲ.

ಇಲ್ಲಿ ಟೂವೆ ತನ್ನನ್ನು ಎರಡಾಗಿ ಸೀಳಿ ಎದುರುಬದುರು ಕೂರಿಸಿದ್ದಾಳೆ. ಸಾವಿರಾರು ಕಾಗದಗಳಿಗೆ ಉತ್ತರ ಬರೆದವಳೂ ಅವಳೇ, ಕರಾರುಗಳ ಕಣ್ಣುತಪ್ಪಿಸುವ ಅಕ್ಷರಗಳನ್ನು ಓದಲು ಕಲಿತವಳೂ ಅವಳೇ. ಒಳ್ಳೆಯತನ ಸುಳ್ಳಾಗುವುದು ಯಾವಾಗ, ಸತ್ಯ ಕ್ರೌರ್ಯವಾಗುವುದು ಯಾವಾಗ ಎಂದು ಕೇಳುತ್ತಾಳೆ, ಯಾರ ಪರವೂ ವಹಿಸುವುದಿಲ್ಲ. ಕೊನೆಗೆ ಹಿಮ ಕರಗಿ ನೆಲ ಕಾಣಿಸಿದಾಗ ಅನ್ನಾ ಹೊರಗೆ ಬಂದು ಚಿತ್ರ ಬರೆಯಲು ಕೂರುತ್ತಾಳೆ. ಈ ಬಾರಿ ಮೊಲಗಳಿಲ್ಲ. ಪತ್ರಿಕೆಯ ಚಿತ್ರಪಟ್ಟಿಯನ್ನು ತಮ್ಮನಿಗೆ ಒಪ್ಪಿಸಿ ಬರಿಯ ಅಲೆ ಬಂಡೆಗಳನ್ನು ಬರೆದವಳಿಗೆ ಈ ತೀರ್ಮಾನದ ಬೆಲೆ ಚೆನ್ನಾಗಿ ಗೊತ್ತಿತ್ತು.

1989ರ ‘ನ್ಯಾಯದ ಆಟ’ದಲ್ಲಿ ಅಟ್ಟದ ಓಣಿಯ ಎರಡು ತುದಿಗಳಲ್ಲಿ ವಾಸಿಸುವ ಮಾರಿ, ಯೊನ್ನಾ ಎಂಬ ಇಬ್ಬರು ಇಳಿವಯಸ್ಸಿನ ಕಲಾವಿದೆಯರಿದ್ದಾರೆ. ಒಬ್ಬಳು ಬರೆಯುವವಳು, ಒಬ್ಬಳು ಚಿತ್ರಿಸುವವಳು. ಕೊನೆಯ ಕಥೆಯಲ್ಲಿ ಯೊನ್ನಾಳಿಗೆ ಪ್ಯಾರಿಸ್‌ನಲ್ಲಿ ಒಂದು ವರ್ಷ ಸ್ಟುಡಿಯೊ ಸಿಗುವ ಅವಕಾಶ ಬರುತ್ತದೆ, ಒಬ್ಬಳಿಗೆ ಮಾತ್ರ. ಹೇಳಲು ಅವಳು ಹಿಂಜರಿಯುತ್ತಾಳೆ. ಮಾರಿ ಹೋಗು ಅನ್ನುತ್ತಾಳೆ. ಹಾಗೆ ಅಂದ ಮೇಲೆ, ಪ್ರೀತಿ ಗಟ್ಟಿಯಾಗಿರುವಾಗ ಸಿಗುವ ಈ ಒಂಟಿತನ ತನಗೂ ಬೇಕಾಗಿದೆಯೆಂದು ಅವಳಿಗೆ ಹೊಳೆಯುತ್ತದೆ. ತ್ಯಾಗದ ಹಾಡಿಲ್ಲ, ಕಣ್ಣೀರಿಲ್ಲ. ಹೆಂಡತಿಯ ತ್ಯಾಗವನ್ನು ಹಾಡಿ ಹೊಗಳುವ ನಮ್ಮ ಕಥಾಪರಂಪರೆಯಿಂದ ಬಂದ ನನಗೆ ಈ ಪುಟಗಳು ಬಹಳ ದೊಡ್ಡವಾಗಿ ಕಂಡವು.

1990ರ ದಶಕದ ಆರಂಭದಲ್ಲಿ, ಬಲೆ ಎಳೆಯಲು ಕೈಗೆ ಬಲ ಸಾಲದಾಗಿ, ಅಷ್ಟು ವರ್ಷ ಪ್ರೀತಿಸಿದ ಸಮುದ್ರದ ಬಗ್ಗೆ ಮೊದಲ ಬಾರಿಗೆ ಭಯವೂ ಹುಟ್ಟಿದಾಗ, ಇಬ್ಬರೂ ಕ್ಲೋವ್‌ಹಾರುವನ್ನು ಬಿಟ್ಟು, ಮನೆಯನ್ನು ಊರಿನ ಪರಂಪರೆ ಸಂಘಕ್ಕೆ ಕೊಟ್ಟು ಬಂದರು. ಆ ಬೇಸಿಗೆಗಳ ಟಿಪ್ಪಣಿಗಳು ಟೂಲಿಕ್ಕಿಯ ಚಿತ್ರಗಳೊಂದಿಗೆ 1996ರಲ್ಲಿ ಪುಸ್ತಕವಾದವು. ಟೂವೆ ತೀರಿಕೊಂಡದ್ದು 2001ರ ಜೂನ್ 27ರಂದು. ಟೂಲಿಕ್ಕಿ ಇನ್ನೂ ಎಂಟು ವರ್ಷ ಬದುಕಿದ್ದಳು.

ಈ ಸಭೆಯಲ್ಲಿ ಅನುವಾದಕರಿದ್ದೀರಿ, ಪ್ರಕಾಶಕರೂ ಇದ್ದೀರಿ. ನನ್ನದೊಂದು ಕೋರಿಕೆ. ಟೂವೆಯನ್ನು ಕನ್ನಡದ ಓದುಗರ ಕೈಗಿಡುವಾಗ ಮೂಮಿನ್ ಕಥೆಗಳಿಗಷ್ಟೇ ನಿಲ್ಲಬೇಡಿ. ಅನ್ನಾ ಮತ್ತು ಕತ್ರಿಯರ ಆ ಹಿಮದ ಕಾದಂಬರಿಯನ್ನು, ಅಜ್ಜಿ ಮೊಮ್ಮಗಳ ನಡುಗಡ್ಡೆಯನ್ನು, ಅಟ್ಟದ ಓಣಿಯ ಕಥೆಗಳನ್ನು ಜೊತೆಗೇ ತನ್ನಿ. ಆಕೆಯ ವಾಕ್ಯ ಚಿಕ್ಕದು, ವಿಶೇಷಣ ವಿರಳ, ಹಾಸ್ಯ ಒಳಗೇ ಹರಿಯುವಂಥದ್ದು; ಅನುವಾದಕ್ಕೆ ಸುಲಭವೆಂದು ತೋರಿ ಕೈಕೊಡುವ ಗದ್ಯ. ನಿಮ್ಮಲ್ಲಿ ಯಾರಾದರೂ ಇದಕ್ಕೆ ಕೈಹಾಕಿದರೆ, ಕರಡು ಓದಲು ನನ್ನನ್ನು ಕರೆಯಿರಿ, ಬರುತ್ತೇನೆ.